ಮೂರನೇ ಬ್ಲೇಡಿನ ಗಾಳಿ

ನಮ್ಮೂರಿನ ಚಿನ್ನದ ಗಣಿಯಲ್ಲಿ ಈಗ ಚಿನ್ನವೂ ಇಲ್ಲ, ಗಾಳಿಯೂ ಇಲ್ಲ. ಅದೀಗ ಟರ್ಬೈನ್ ಬ್ಲೇಡುಗಳನ್ನು ಪರೀಕ್ಷಿಸುವ ಜಾಗ. ಹಳೆಯ ಸುರಂಗಗಳ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆದು, ಆಮೇಲೆ ಒಂದು ಕವಾಟ ತೆರೆಯುತ್ತೇವೆ. ಹೊರಗಿನ ಗಾಳಿ, ಸಾಲಾಗಿ ನಿಲ್ಲಿಸಿದ ಟರ್ಬೈನ್ ಬ್ಲೇಡುಗಳ ನಡುವೆ ಬೊಬ್ಬಿಡುತ್ತ ಒಳಗೆ ನುಗ್ಗುತ್ತದೆ. ಆ ಹದಿನೈದು ಸೆಕೆಂಡುಗಳಲ್ಲಿ ಅದರ ಒತ್ತಡ ಅಳೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷದಲ್ಲಿ ನನ್ನ ಅಳತೆಯತ್ತ ಯಾರೂ ಬೆರಳು ತೋರಿಸಿಲ್ಲ.

ಬ್ಲಾಂಕಾ ಅದೇ ಗಾಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವಳು. ಈ ಸಲದ ಬ್ಲೇಡು ಅವಳದೇ ವಿನ್ಯಾಸ, ಟರ್ಬೈನ್ ಕಾರ್ಖಾನೆಗಾಗಿ ಎರಡು ವರ್ಷದ ದುಡಿಮೆ. ಸೋಮವಾರ ಅಳೆದಾಗ ಮೂರನೇ ಬ್ಲೇಡಿನ ಹಿಂದೆ, ನಕ್ಷೆಯಲ್ಲಿ ನನ್ನ ಅಳತೆಯ ಚುಕ್ಕೆಗಳು ಅವಳ ಲೆಕ್ಕದ ಗೆರೆ ಬಿಟ್ಟು ಎಲ್ಲೋ ಹೋದವು. ಗಾಳಿಯ ಬಲವನ್ನು ಅಷ್ಟೊಂದು ಪೋಲು ಮಾಡುವ ಬ್ಲೇಡು ಕಾರ್ಖಾನೆಗೆ ಬೇಕಿಲ್ಲ.

"ನಿನ್ನ ಕಂಪ್ಯೂಟರ್‌ಗೆ ಶೀತ ಆಗಿರ್ಬೇಕು ಕಣಮ್ಮ, ಒಂದ್ ಕಪ್ ಟೀ ಕುಡ್ಸು," ಎಂದು ರೇಗಿಸಿದೆ. ಅವಳು ನಗಲಿಲ್ಲ.

ಬುಧವಾರ ಒರೆಸಲೆಂದು ಬ್ಲೇಡುಗಳನ್ನು ಬಿಚ್ಚಿದೆ. ಮೂರನೆಯದರ ಮುಂದಿನ ಅಂಚಿಗೆ ಉಗುರಿನಷ್ಟು ಕಂದು ಚೂರೊಂದು ಅಂಟಿತ್ತು. ಮೂಸಿ ನೋಡಿದೆ. ಅಣಬೆ. ನನ್ನದೇ ಅಣಬೆ!

ಒಳಬರುವ ಗಾಳಿಯ ತೇವ ತೆಗೆಯಲು ನಮ್ಮಲ್ಲೊಂದು ಕೋಣೆಯಿದೆ. ಈ ಸಲ ಜಡಿಮಳೆಗೆ ಮನೆಯ ಅಟ್ಟದ ಮೇಲೆ ಹರವಿದ ಅಣಬೆಗೆ ಬೂಷ್ಟು ಹಿಡಿಯುತ್ತಿತ್ತು. ಕ್ರಿಸ್‌ಮಸ್ ಹಬ್ಬದ ಸಾರು ಮಾಡಲು ಬೇಕಲ್ಲ ಎಂದು ದಾರಕ್ಕೆ ಪೋಣಿಸಿ ಆ ಕೋಣೆಯಲ್ಲಿ, ಕಸ ತಡೆಯುವ ಜಾಲರಿಯ ಒಳಬದಿಗೇ ತೂಗುಹಾಕಿದ್ದೆ. ಒಣಗಿದ ಚೂರೊಂದು ಗಾಳಿಯೊಂದಿಗೆ ಹಾರಿ ಬ್ಲೇಡಿಗೆ ಅಂಟಿ, ಅಳತೆ ಕೆಡಿಸಿತ್ತು. ಬುದ್ಧಿಗೇಡಿ ನಾನು.

ಚೂರನ್ನು ಊದಿಬಿಟ್ಟು ಇನ್ನೊಮ್ಮೆ ಅಳೆದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಬ್ಲಾಂಕಾ ಬಂದಳು. ಅತ್ತು ಅವಳ ಕಣ್ಣುಗಳು ಊದಿದ್ದವು.

"ವೋಂದ್ರಾ ಅವ್ರೇ, ತಪ್ಪು ನಂದೇ. ಬ್ಲೇಡ್ ವಾಪಸ್ ತಗೋತೀನಿ ಅಂತ ಕಾರ್ಖಾನೆಗೆ ಪತ್ರ ಬರ್ದಿದೀನಿ, ಸಂಜೆ ಕಳಿಸ್ತೀನಿ."

"ಲೆಕ್ಕ ಮತ್ತೆ ನೋಡಿದ್ಯಾ?"

"ಆರು ಸಲ. ಎಲ್ಲೂ ತಪ್ಪು ಸಿಗ್ಲಿಲ್ಲ. ಆದ್ರೆ ಅಳ್ದಿದ್ದು ನೀವಲ್ವಾ?"

ನಾಚಿಕೆಯಿಂದ ಕುಗ್ಗಿಹೋದೆ. ಅಂಗೈ ಬಿಚ್ಚಿ ಚೂರು ತೋರಿಸಿ, ಎಲ್ಲ ಹೇಳಿದೆ. ಅವಳು ನನ್ನನ್ನೊಮ್ಮೆ, ಅಣಬೆಯನ್ನೊಮ್ಮೆ ನೋಡಿದಳು.

"ಮೂವತ್ತೊಂದು ವರ್ಷದಿಂದ ಅಲ್ಲೇ ಒಣಗಿಸ್ತಿದೀರಾ?"

"ಇಲ್ಲಮ್ಮ! ಇದೊಂದೇ ಸಲ. ನನ್ನಾಣೆ."

ಸರಗಳನ್ನು ಇಳಿಸಿ, ಕೋಣೆ ಗುಡಿಸಿ, ಮಧ್ಯಾಹ್ನ ಕವಾಟ ತೆರೆದೆವು. ಚುಕ್ಕೆಗಳು ಒಂದೊಂದಾಗಿ ಅವಳ ಗೆರೆಯ ಮೇಲೆ ಬಂದು ಕುಳಿತವು. ಅವಳು ಪತ್ರ ಹರಿದುಹಾಕಿದಳು.

ಅಳತೆಯ ಪುಸ್ತಕದಲ್ಲಿ ಸೋಮವಾರದ ಪುಟ ತೆರೆದು ಬರೆದೆ: 'ಈ ಅಳತೆ ತಪ್ಪು. ಕಾರಣ, ನನ್ನ ಅಣಬೆ.' ಸಹಿ ಹಾಕಿದೆ. ಇನ್ನು ನನ್ನ ಅಳತೆಯನ್ನು ಯಾರು ನಂಬುತ್ತಾರೆ?

ಬ್ಲಾಂಕಾ ಪೆನ್ನು ತೆಗೆದುಕೊಂಡು ಕೆಳಗೆ ತಾನೂ ಸಹಿ ಹಾಕಿದಳು.

"ನಾಳೆ ಇನ್ನೊಂದು ಬ್ಲೇಡ್ ತರ್ತೀನಿ," ಎಂದಳು. "ಬೇರೆಯವ್ರಿಗೆ ಕೊಡ್ಬೇಡಿ. ನೀವೇ ಅಳೀಬೇಕು."