ವಿಡಿಯೊದಲ್ಲಿ ಇಲ್ಲದ ಹುಡುಗ

ಮಗಳು ಸುಪ್ರೀತಾ ಮೆಚ್ಚಿದ ಹುಡುಗ ಶ್ರವಣ್ ಗುರುಗ್ರಾಮದ ಆಫೀಸೊಂದರಲ್ಲಿದ್ದಾನೆ, ರಜೆ ಸಿಕ್ಕರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದು ವಿಡಿಯೊ ತೆಗೆಯುತ್ತಾನೆ ಎಂದಾಗಲೇ ಲೋಲಾಕ್ಷಿಗೆ ಏನೋ ಸರಿಯಿಲ್ಲ ಅನಿಸಿತ್ತು. ಕಡಲ ಪಕ್ಕದಲ್ಲೇ ಹುಟ್ಟಿದ ತಾನೇ ಮೊಣಕಾಲಿಗಿಂತ ಆಳಕ್ಕೆ ಹೋದವಳಲ್ಲ. ದೆಹಲಿಯಲ್ಲಿ ಬೆಳೆದವನಿಗೆ ಇದೆಲ್ಲಿಂದ ಬಂತು?

ದೆಹಲಿಯ ಮಯೂರ್ ವಿಹಾರದ ತಮ್ಮ ಹೋಟೆಲಿನಲ್ಲಿ ಊಟದ ಗಲಾಟೆ ಮುಗಿದ ಮೇಲೆ ಗಲ್ಲಾದಲ್ಲಿ ಕೂತು ಅವನ ವಿಡಿಯೊಗಳನ್ನೆಲ್ಲ ನೋಡಿದಳು. ನೇತ್ರಾಣಿ ದ್ವೀಪದ ಬಂಡೆಗಳು, ಹಳದಿ ಮೀನಿನ ಹಿಂಡು, ಕಲ್ಲಿನ ಸಂದಿಯಿಂದ ಇಣುಕುವ ಹಾವಿನಂಥ ಮೀನು ಎಲ್ಲ ಇದ್ದವು. ಹುಡುಗ ಒಂದರಲ್ಲೂ ಇರಲಿಲ್ಲ.

"ಯಾರೋ ತೆಗೆದದ್ದನ್ನ ತನ್ನದು ಅಂತಿದ್ದಾನೆ," ಎಂದಳು ಗಂಡ ಸುಧಾಕರನಿಗೆ.

"ಅಮ್ಮಾ, ಕ್ಯಾಮೆರಾ ಅವನ ಕೈಯಲ್ಲೇ ಇದೆ ನಾ? ಅವನು ಕೈಸೇ ಕಾಣ್ತಾನೆ?" ಎಂದು ಮಗಳು ಅರ್ಧ ಹಿಂದಿಯಲ್ಲಿ ರೇಗಿದಳು.

ಒಳ್ಳೆಯ ಅನುಕೂಲವೇ ಅಂದುಕೊಂಡಳು ಲೋಲಾಕ್ಷಿ. ಇದರಲ್ಲಿ ಸುಳ್ಳು ಹೇಳುವವನು ಸಂಬಳದಲ್ಲಿ, ಕುಡಿತದಲ್ಲಿ ಬಿಟ್ಟಾನೆಯೇ? ಇರುವವಳು ಒಬ್ಬಳೇ ಮಗಳು. ಕಣ್ಣಾರೆ ನೋಡದೆ ಈ ಮದುವೆಗೆ ಹೂಂ ಅನ್ನುವುದಿಲ್ಲ ಎಂದುಬಿಟ್ಟಳು.

ಭಾನುವಾರ ರೋಹಿಣಿ ಬಡಾವಣೆಯ ಈಜುಕೊಳದಲ್ಲಿ ಹೊಸಬರಿಗೆ ನೀರೊಳಗೆ ಉಸಿರಾಡಲು ಕಲಿಸುತ್ತೇನೆ, ಬನ್ನಿ ಎಂದು ಶ್ರವಣ್ ಕರೆದ. ಇಷ್ಟು ಸಲೀಸಾಗಿ ಕರೆದನಲ್ಲ, ಅಲ್ಲಿಯವರಿಗೆ ಮೊದಲೇ ಹೇಳಿಟ್ಟಿರಬೇಕು ಎಂದು ಮೆಟ್ರೊದಲ್ಲಿ ಲೋಲಾಕ್ಷಿಯದು ಅದೇ ಮಾತು.

"ಎಂತ ಮಾರಾಯ್ತಿ, ನನ್ನ ಬಗ್ಗೆ ನಿನ್ನಪ್ಪ ಇಷ್ಟು ವಿಚಾರಿಸಿರಲಿಲ್ಲ," ಎಂದ ಸುಧಾಕರ.

"ವಿಚಾರಿಸಬೇಕಿತ್ತು," ಎಂದಳು.

ಕೊಳದ ಬಳಿ ಅವಳು ಕೇಳಿದ್ದಕ್ಕೆಲ್ಲ ಶ್ರವಣ್ ತಾಳ್ಮೆಯಿಂದ ಉತ್ತರಿಸಿದ. ಆಮೇಲೆ, "ಆಂಟಿ, ನೀವೇ ಒಂದ್ಸಲ ಇಳಿದು ನೋಡಿ," ಎಂದ. ಬೇಡ ಅನ್ನಲಿ ಅಂತಲೇ ಕೇಳಿದ್ದಾನೆ ಎನಿಸಿ ಲೋಲಾಕ್ಷಿ ಒಪ್ಪಿಬಿಟ್ಟಳು.

ಎದೆಮಟ್ಟದ ನೀರಿನಲ್ಲಿ, ಮುಖಕ್ಕೆ ಗಾಜಿನ ಮುಸುಕು, ಬಾಯಲ್ಲಿ ಉಸಿರಿನ ಕೊಳವೆ ಸಿಕ್ಕಿಸಿ, ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಅವಳ ಕೈ ಹಿಡಿದು ಕೊಳದ ತಳದಲ್ಲಿ ಮಂಡಿಯೂರಿಸಿದ. ಉಸಿರೆಳೆದಳು. ಬಂತು! ಬಿಟ್ಟ ಗಾಳಿ ಬೆಳ್ಳಿಯ ಗುಳ್ಳೆಗಳಾಗಿ ಮೇಲೇರಿತು. ಮೈಗೆ ತೂಕವೇ ಇಲ್ಲ. ದಡದಲ್ಲಿ ಕೂತ ಸುಧಾಕರನ ಪಾದಗಳು ನೀರೊಳಗೆ ಎರಡು ದೊಡ್ಡ ಸೋರೆಕಾಯಿಗಳಂತೆ ತೂಗಾಡುತ್ತಿದ್ದವು. ಲೋಲಾಕ್ಷಿಗೆ ನಗು ಬಂತು. ನಕ್ಕಾಗ ಕೆನ್ನೆ ಮಡಚಿ ಮುಸುಕಿನೊಳಗೆ ನೀರು ನುಗ್ಗಿತು. ಎದ್ದು ನಿಂತರೆ ಸಾಕಿತ್ತು, ಅದೂ ಮರೆತುಹೋಗಿ ಶ್ರವಣ್‌ನ ತೋಳಿಗೆ ಉಗುರು ಊರಿ ಒದ್ದಾಡಿದಳು. ಏನು ಮಾಡಿದನೋ, ಹೇಗೆ ಸಮಾಧಾನವಾಯಿತೋ, ಮೇಲೆ ಬಂದಾಗ ನೆನಪಿರಲಿಲ್ಲ. ನಾನು ಒದ್ದಾಡುವಾಗಲೂ ಬರೀ ನನ್ನ ವಿಡಿಯೊ ತೆಗೀತಿದ್ದನೇನೋ ಎಂಬ ಅನುಮಾನ ಮಾತ್ರ ಮನೆಯವರೆಗೂ ಬಂತು.

ಸಂಜೆ ಅವನು ಕಳಿಸಿದ ಆ ವಿಡಿಯೊವನ್ನೂ ಹಾಕಿಸಿ ನೋಡಿದಳು. ಅವಳ ನಗು, ಚಿಮ್ಮುವ ಗುಳ್ಳೆಗಳು, ಆಮೇಲೆ ಚಿತ್ರ ಗಿರಕಿ ಹೊಡೆದು ಕೆಳಗೆ ಬಿತ್ತು. ಮುಂದೆಲ್ಲ ಬರೀ ನೀಲಿ ಟೈಲ್ಸು. ಅವಳನ್ನು ಹಿಡಿಯಲು ಕ್ಯಾಮೆರಾ ಕೈಬಿಟ್ಟಿದ್ದ. ದನಿ ಮಾತ್ರ ಕೇಳುತ್ತಿತ್ತು: ಒಂದು ಉಸಿರು ಗಾಬರಿಯಲ್ಲಿ ಓಡುತ್ತಿತ್ತು, ಇನ್ನೊಂದು ಪಕ್ಕದಲ್ಲೇ ಉದ್ದಕ್ಕೆ, ನಿಧಾನಕ್ಕೆ. ಬರಬರುತ್ತಾ ಓಡುತ್ತಿದ್ದದ್ದೂ ನಿಧಾನವಾಯಿತು. ಕೊನೆಗೆ ಯಾವುದು ಯಾರದೆಂದು ತಿಳಿಯದಷ್ಟು ಒಂದಾದವು.

ಲೋಲಾಕ್ಷಿ ಮತ್ತೊಮ್ಮೆ ಹಾಕಿಸಿ ಕಣ್ಣು ಮುಚ್ಚಿ ಕೇಳಿದಳು.

"ಹುಡುಗನ ಮನೆಗೆ ಫೋನ್ ಮಾಡಿ," ಎಂದಳು ಗಂಡನಿಗೆ. ಸುಧಾಕರ ಮೊಬೈಲ್ ಎತ್ತಿಕೊಳ್ಳುವಷ್ಟರಲ್ಲಿ ಕೈ ಚಾಚಿದಳು. "ಕೊಡಿ, ನಾನೇ ಮಾತಾಡ್ತೇನೆ. ನೀವು ಎಲ್ಲದಕ್ಕೂ ಆಯ್ತು ಅಂದುಬಿಡ್ತೀರಿ."