ಬೂದಿ ಹಾಕಿ ತಿಕ್ಕಿದ ಡಬ್ಬಿ

ಲಾಕ್‌ಡೌನ್ ಆಗಿ ದಾವಣಗೆರೆಯ ಹಾಸ್ಟೆಲ್‌ಗೆ ಬೀಗ ಬಿದ್ದಾಗ ತೇಜಶ್ರೀ ನನ್ನಿವಾಳದ ಹತ್ತಿರದ ತನ್ನ ಹಟ್ಟಿಗೆ ಬಂದಳು. ಅಜ್ಜಿ ಸೂರಮ್ಮ ಹೊಸಿಲು ದಾಟಲು ಬಿಡಲಿಲ್ಲ. ಅಂಗಳದಲ್ಲೇ ತಲೆಗೆ ಅರಿಶಿನದ ನೀರು ಹೊಯ್ದಳು. ಚೀಲದಲ್ಲಿದ್ದ ಊಟದ ಡಬ್ಬಿ ಕಿತ್ತುಕೊಂಡು ಬೂದಿ ಹಾಕಿ ತಿಕ್ಕಿದಳು.

"ಕೊರೊನಾ ಡಬ್ಬಿಗೂ ಬರ್ತೈತಾ ಅಜ್ಜಿ?"

"ಸುಮ್ನೆ ನಿಂತ್ಕೊಳ್ಳೇ."

ಹಾಸ್ಟೆಲ್‌ನಲ್ಲಿ ತೇಜಶ್ರೀಯ ಊಟಕ್ಕೆ ಹೊತ್ತುಗೊತ್ತು ಇರಲಿಲ್ಲ. ತಿಂಡಿ ತಪ್ಪಿಸಿ ಮಲಗುವುದು, ಮಧ್ಯಾಹ್ನ ಟೀ ಬಿಸ್ಕತ್ತು, ಸಂಜೆ ಗೇಟಿನ ಮುಂದಿನ ಗಾಡಿಯಲ್ಲಿ ಎಗ್ ರೈಸ್. ಈ ಕೊನೆಯದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವರದು ಮ್ಯಾಸನಾಯಕರ ಹಟ್ಟಿ. ಕುಲದ ಕಟ್ಟಳೆಯಂತೆ ಕುರಿ ತಿನ್ನುತ್ತಾರೆ, ಕೋಳಿ ಮುಟ್ಟುವುದಿಲ್ಲ. ಮೊಟ್ಟೆಯನ್ನೂ ಒಳಗೆ ತರುವುದಿಲ್ಲ. ಎಂ.ಎಸ್ಸಿ.ಗೆ ಕಳಿಸುವಾಗ ಅಪ್ಪ ಚಿನ್ನಯ್ಯ ಹೇಳಿದ್ದು ಒಂದೇ ಮಾತು: ಕಟ್ಟಳೆ ಮುರಿದರೆ ಓದು ಅಲ್ಲಿಗೇ ಮುಗಿಯಿತು.

ಹಟ್ಟಿಯಲ್ಲಿ ಮೊದಮೊದಲು ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ನವಣೆ ಅನ್ನ ನೋಡಿದರೆ ಹಸಿವೇ ಸಾಯುತ್ತಿತ್ತು. ಸೂರಮ್ಮ ಬೈಯಲಿಲ್ಲ, ರಮಿಸಲೂ ಇಲ್ಲ. ಮುದ್ದೆ ಚಿಕ್ಕದು ಮಾಡಿದಳು, ಹುರುಳಿ ಸಾರಿಗೆ ಬೆಳ್ಳುಳ್ಳಿ ಹೆಚ್ಚಿಸಿದಳು. ಸಿಗ್ನಲ್ ಹುಡುಕಿ ಬೇವಿನ ಮರದಡಿ ಆನ್‌ಲೈನ್ ಕ್ಲಾಸಿಗೆ ಕೂತವಳ ಪಕ್ಕ ಹುರಿದ ಶೇಂಗಾ, ಬೆಲ್ಲ ಇಟ್ಟು ಹೋದಳು. ಬಿತ್ತನೆ ಹೊತ್ತಿಗೆ ತೇಜಶ್ರೀ ಬೆಳಿಗ್ಗೆಯೇ ತಟ್ಟೆ ಹಿಡಿದು ಒಲೆ ಮುಂದೆ ಕೂರತೊಡಗಿದ್ದಳು. ಹಾಸ್ಟೆಲ್‌ನಿಂದ ಹೊತ್ತು ತಂದ ತಲೆಸುತ್ತು ನಿಂತಿತ್ತು.

ಹಾಸ್ಟೆಲ್ ತೆರೆಯುತ್ತದೆಂದು ತಿಳಿದ ದಿನ ರೂಮಿನ ಗೆಳತಿ ಗಂಗಲಕ್ಷ್ಮಿಯ ಫೋನ್ ಬಂತು. ಮನೆಮಂದಿಯೆಲ್ಲ ಉಣ್ಣುತ್ತಿದ್ದರು. ಎಂಜಲು ಕೈ ಎಂದು ತೇಜಶ್ರೀ ಎಡಗೈಯಲ್ಲಿ ಸ್ಪೀಕರ್ ಒತ್ತಿದಳು.

"ತೇಜು, ಎಗ್ ರೈಸ್ ಅಣ್ಣ ನಿನ್ನೇ ಕೇಳ್ತಿದ್ದ ಕಣೇ! ಡಬ್ಬಿ ತಗೊಂಡು ಬೇಗ ಬಾ!"

ಚಿನ್ನಯ್ಯ ತುತ್ತು ಕೆಳಗಿಟ್ಟ. "ಯಾವ ಡಬ್ಬಿ?"

ತೇಜಶ್ರೀ ಫೋನ್ ಆರಿಸಿದಳು. ಓದು ಮುಗಿಯಿತು ಎಂದುಕೊಂಡಳು.

"ನಾನು ತಿಕ್ಕಿದ್ನಲ್ಲ, ಅದೇ ಡಬ್ಬಿ," ಎಂದಳು ಸೂರಮ್ಮ. "ಬಂದ ದಿನವೇ ಮೊಟ್ಟೆ ವಾಸ್ನೆ ಹೊಡೀತಿತ್ತು. ತಲೆಗೆ ನೀರು ಹಾಕಿದ್ದು ಕೊರೊನಾಕ್ಕೆ ಅಂದ್ಕೊಂಡಿದ್ದೇನ್ಲಾ?"

"ಗೊತ್ತಿದ್ದೂ ಒಳಗೆ ಬಿಟ್ಕೊಂಡ್ಯಾ ಅವ್ವ?"

"ತೊಳೆದು ಬಿಟ್ಕೊಂಡೆ. ಹಸಿವಿಗೆ ಅಲ್ಲಿ ತಿಂದೈತೆ ಕೂಸು. ಹಟ್ಟಿಗೆ ತಂದೈತಾ? ಓದ್ಲಿ ಬಿಡು. ಬಂದಾಗೆಲ್ಲ ನೀರು ಹಾಕೋಕೆ ನಾನಿದೀನಿ."

"ನೀ ಸತ್ತ ಮೇಲೆ?"

"ನೀನು ಹಾಕು. ಕೈಯೇನು ಸವೆಯಲ್ಲ."

ಚಿನ್ನಯ್ಯ ಉಂಡು ಮುಗಿಸಿದ. ಕೈ ತೊಳೆದು ಬಂದು, ಮಗಳ ಮುಖ ನೋಡದೆ, "ಚಳ್ಳಕೆರೆಯಿಂದ ಬಸ್ಸು ಬಿಟ್ಟವೇನು?" ಎಂದ.

ಹೊರಡುವ ದಿನ ಸೂರಮ್ಮ ಅದೇ ಡಬ್ಬಿಗೆ ಶೇಂಗಾ ಚಟ್ನಿಪುಡಿ ಒತ್ತಿ ತುಂಬಿದಳು. ಇನ್ನು ಎಗ್ ರೈಸ್ ಮುಟ್ಟುವುದಿಲ್ಲವೆಂದು ತೇಜಶ್ರೀ ಆಣೆ ಇಡಲು ಹೋದಳು.

"ಸುಳ್ಳು ಆಣೆ ಇಡಬ್ಯಾಡ. ಬೆಳಿಗ್ಗೆ ತಿಂಡಿ ತಿನ್ನು, ಸಾಕು."

ತೇಜಶ್ರೀ ಅಜ್ಜಿಯ ಕಾಲು ಮುಟ್ಟಿದಳು. ಹಿಂದೆಲ್ಲ ಶಾಸ್ತ್ರಕ್ಕೆ ಮುಟ್ಟುತ್ತಿದ್ದಳು. ಮರುದಿನ ಬೆಳಿಗ್ಗೆ ಹಾಸ್ಟೆಲ್‌ನಲ್ಲಿ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ನಿಂತವಳು ಅವಳೇ.