ಶಾಲೆ ಬಯಲಿನ ಹಿಕ್ಕೆ

ರಶ್ಮಿತಾಗೆ ರಜೆ ಎಂಬುದು ಇರಲಿಲ್ಲ. ಗುಂಡುಕಲ್ಲಹಟ್ಟಿ ಹೈಸ್ಕೂಲಿನಲ್ಲಿ ಆಕೆ ಅತಿಥಿ ಶಿಕ್ಷಕಿ. ಪಾಠ ಮಾಡಿದ ದಿನಕ್ಕೆ ಸಂಬಳ, ಮಾಡದ ದಿನಕ್ಕೆ ಇಲ್ಲ. ಜ್ವರ ಬರುವುದಾದರೂ ಭಾನುವಾರ ನೋಡಿಕೊಂಡು ಬರಬೇಕು.

ಡಿಸೆಂಬರಿನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮಕ್ಕಳೇ ಒಂದು ಪತ್ರಿಕೆ ತರಬೇಕು. ಅದಕ್ಕೆ ದಾರಿ ತೋರಿಸುವುದು ಹೇಗೆಂದು ಕಲಿಯಲು ಶಾಲೆಗೊಬ್ಬ ಶಿಕ್ಷಕರು ಚಳ್ಳಕೆರೆಗೆ ಎರಡು ದಿನದ ತರಬೇತಿಗೆ ಹೋಗಬೇಕು.

ಶಾಲೆಯಲ್ಲಿ ಕಾಯಂ ಶಿಕ್ಷಕರು ನಾಲ್ವರಿದ್ದರು. ಒಬ್ಬರಿಗೆ ಬಸ್ಸಿನಲ್ಲಿ ವಾಂತಿ. ಒಬ್ಬರ ನಾದಿನಿಗೆ ಹೆರಿಗೆ. ಗಣಿತದವರು, "ಪತ್ರಿಕೆಗೂ ನನಗೂ ಏನ್ರೀ ಸಂಬಂಧ?" ಅಂದರು. ನಾಲ್ಕನೆಯವರು ಎದ್ದು ಆಚೆ ಹೋದರು.

"ನೀನೇ ಹೋಗಿ ಬಾಮ್ಮ," ಅಂದರು ಹೆಡ್ ಮಾಸ್ಟರ್ ಸೋಮಶೇಖರಪ್ಪ. "ಕನ್ನಡದ ಪೋಸ್ಟು ಖಾಲಿ ಐತೆ. ನೀನು ಹೆಂಗೂ ಕನ್ನಡ ಹೇಳ್ತೀಯ."

"ಸಾರ್, ಆ ಎರಡು ದಿನದ ಸಂಬಳ?"

"ಅತಿಥಿ ಅಂದ್ರೆ ದೇವರು ಕಣಮ್ಮ. ದೇವರು ಯಾವತ್ತಾದ್ರೂ ಸಂಬಳ ಕೇಳಿದ್ದುಂಟಾ?"

ದೇವರು ಬೆಳಿಗ್ಗೆ ಆರರ ಬಸ್ಸಿಗೆ ಹೋದಳು.

ತರಬೇತಿ ಕೊಡುವವನು ಮಹಾಂತೇಶ್ ಎಂಬ ನಡುವಯಸ್ಸಿನ ಮನುಷ್ಯ. ಯಾವುದೋ ಪತ್ರಿಕೆಯಲ್ಲಿ ವರದಿಗಾರನಾಗಿದ್ದು ಬಿಟ್ಟವನು. ಯಾಕೆ ಬಿಟ್ಟಿರಿ ಅಂತ ಕೇಳಿದ್ದಕ್ಕೆ, "ಜಾಹೀರಾತು ತಾ ಅಂದ್ರು. ನಂಗೆ ಸುದ್ದಿ ತರೋದೊಂದೇ ಬರ್ತಿತ್ತು," ಅಂದ. ಬಂದವರನ್ನೆಲ್ಲ ಗುಂಪು ಮಾಡಿ ಕೂರಿಸಿ, ಈ ಊರಲ್ಲಿ ಈವತ್ತು ಕಂಡ ಒಂದು ಸುದ್ದಿ ಬರೀರಿ ಅಂದ. ಅರ್ಧ ಗಂಟೆ ಆದ ಮೇಲೆ ಹಾಳೆಗಳನ್ನು ತೆಗೆದುಕೊಂಡು ಓದಿದ. ಎಲ್ಲ ಗುಂಪಿನದೂ ಒಂದೇ ತಲೆಬರಹ: ತರಬೇತಿ ಕಾರ್ಯಾಗಾರ ಯಶಸ್ವಿ.

"ಯಶಸ್ವಿ ಆಗಿಬಿಡ್ತಾ?" ಅಂದ ಮಹಾಂತೇಶ್. "ಉದ್ಘಾಟನೆಗೆ ಹಚ್ಚಿದ ದೀಪ ಇನ್ನೂ ಉರೀತಾ ಐತಲ್ರೀ."

ಮಧ್ಯಾಹ್ನದ ಮೇಲೆ ಅವನು ಕೆಲಸದ ಮಾತಿಗೆ ಬಂದ. "ಮಕ್ಕಳ ಪತ್ರಿಕೆಗೆ ನೀವು ಸಂಪಾದಕರಲ್ಲ. ಮಕ್ಕಳು ಸುದ್ದಿ ತಂದ್ರೆ ಮೂರು ಮಾತು ಕೇಳ್ರಿ. ನೀನು ನೋಡಿದ್ಯಾ? ಇನ್ನೊಬ್ಬರನ್ನ ವಿಚಾರಿಸಿದ್ಯಾ? ಯಾರ ಮೇಲೆ ಬರೆದ್ಯೋ ಅವರನ್ನ ಕೇಳಿದ್ಯಾ? ಮೂರಕ್ಕೂ ಹೌದು ಅಂದ್ರೆ ನಿಮ್ಮ ಕೆಂಪು ಪೆನ್ನು ಜೇಬಿಗಿಡ್ರಿ."

ಮುಂದಿನ ಸಾಲಿನ ಮೀಸೆ ಮೇಷ್ಟ್ರು ಎದ್ದು ನಿಂತರು. "ಪೆನ್ನು ಜೇಬಿಗಿಟ್ಟು ಕೆಲಸ ಹೋದ್ರೆ ಸಾರ್?"

"ಕಾಯಂ ನೌಕರರ ಕೆಲಸ ಅಷ್ಟು ಸುಲಭಕ್ಕೆ ಹೋಗಲ್ಲ, ಕೂತ್ಕಳ್ರಿ. ಇಲ್ಲಿ ಕಾಯಂ ಎಷ್ಟು ಜನ? ಕೈ ಎತ್ರಿ ನೋಡಾನ."

ಸಭಾಂಗಣದ ತುಂಬ ಜನ. ಎದ್ದದ್ದು ಬೆರಳೆಣಿಕೆಯ ಕೈ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಎರಡೂ ತಾಲ್ಲೂಕಿನ ದೇವರುಗಳೆಲ್ಲ ಅಲ್ಲೇ ಕೂತಿದ್ದರು. ಮಹಾಂತೇಶ್ ನೀರು ಕುಡಿದ. ಆಮೇಲೆ ಆ ಮಾತು ಬಿಟ್ಟು, ತಲೆಬರಹ ಬರೆಯುವುದು ಹೇಗೆ ಅಂತ ಹೇಳತೊಡಗಿದ.

ರಶ್ಮಿತಾ ಊರಿಗೆ ಬಂದು ಹತ್ತನೇ ಕ್ಲಾಸಿನವರಿಗೆ ವಿಷಯ ತಿಳಿಸಿದಳು. ಗೋಡೆಗೆ ಅಂಟಿಸುವ ಪತ್ರಿಕೆ. ದೊಡ್ಡ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ತಿಂಗಳಿಗೊಂದು ಸಂಚಿಕೆ. ಮಕ್ಕಳು ಮೊದಲು ಗಾದೆ ತಂದರು, ನಗೆಹನಿ ತಂದರು, ಆನೆಯ ತೂಕ ಎಷ್ಟು ಅಂತ ತಂದರು.

"ಆನೆ ನಮ್ಮೂರಲ್ಲಿ ಐತಾ?" ಅಂತ ಕೇಳಿದಳು ರಶ್ಮಿತಾ.

"ಇಲ್ಲ ಮಿಸ್. ಕುರಿ ಅದಾವೆ," ಅಂದ ಹಿಂದಿನ ಬೆಂಚಿನ ದುರುಗೇಶ್.

"ಹಂಗಾದ್ರೆ ಕುರಿ ಸುದ್ದಿ ಬರಿ."

ದುರುಗೇಶ್ ತಮಾಷೆಗೆ ಅಂದಿದ್ದ. ಅದೇ ಕ್ಲಾಸಿನ ಕಾಂಚನಾ ತಮಾಷೆ ಅಂದುಕೊಳ್ಳಲಿಲ್ಲ. ಮಾರನೆಯ ದಿನ ಅವಳೇ ಬರೆದು ತಂದಳು.

ಸುದ್ದಿ ಇಷ್ಟೇ. ಶೇಂಗಾ ಕಿತ್ತಾದ ಮೇಲೆ ಕುರಿಯವರು ಮಂದೆ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಯಾರ ಹೊಲದಲ್ಲಿ ಮಂದೆ ರಾತ್ರಿ ಮಲಗುತ್ತದೋ ಅವರು ಕುರಿಯವನಿಗೆ ಊಟ, ಕಾಳು ಕೊಡಬೇಕು. ಬಿದ್ದ ಹಿಕ್ಕೆ ಆ ಹೊಲಕ್ಕೆ ಗೊಬ್ಬರ. ಇದು ಯಾರೂ ಬರೆದಿಡದ, ಎಲ್ಲರೂ ಒಪ್ಪಿದ ಪದ್ಧತಿ. ಆದರೆ ಓಬಯ್ಯನ ಮಂದೆ ಎರಡು ವರ್ಷದಿಂದ ಮಲಗುತ್ತಿದ್ದುದು ಶಾಲೆಯ ಬಯಲಿನಲ್ಲಿ. ಮಲಗಿಸಿದವನು ಶಾಲಾ ಸಮಿತಿ ಅಧ್ಯಕ್ಷ ದೊಡ್ಡಪಾಲಯ್ಯ. ಕಾಂಪೌಂಡ್ ಐತೆ, ತೋಳ ಬರಲ್ಲ, ಬೋರಿನ ನೀರೈತೆ ಅಂತ ಹೇಳಿ ಕರೆತಂದಿದ್ದ. ಕಾಳು ಕೊಡಲಿಲ್ಲ. ಮಧ್ಯಾಹ್ನದ ಬಿಸಿಯೂಟದಲ್ಲಿ ಉಳಿದ ಅನ್ನ ಓಬಯ್ಯನಿಗೆ. ಬೆಳಿಗ್ಗೆ ಮಕ್ಕಳು ಬಯಲು ಗುಡಿಸಿ, ಹಿಕ್ಕೆಯನ್ನು ಪುಟ್ಟಿಯಲ್ಲಿ ಹೊತ್ತು ಗೇಟಿನ ಹತ್ತಿರ ಗುಡ್ಡೆ ಹಾಕಬೇಕು. ಅದಕ್ಕೆ ಶ್ರಮದಾನ ಅಂತ ಹೆಸರು. ಗುಡ್ಡೆ ದೊಡ್ಡದಾದಾಗ ಟ್ರ್ಯಾಕ್ಟರ್ ಬರುತ್ತದೆ. ದೊಡ್ಡಪಾಲಯ್ಯನ ದಾಳಿಂಬೆ ತೋಟಕ್ಕೆ ಹೋಗುತ್ತದೆ. ಮೊದಲ ಪೀರಿಯಡ್ ಕನ್ನಡ. ಅದರಲ್ಲಿ ಅರ್ಧ ಶ್ರಮದಾನಕ್ಕೆ ಹೋಗುತ್ತದೆ.

"ಇದನ್ನ ನೀನು ನೋಡಿದ್ಯಾ?" ಅಂತ ಕೇಳಿದಳು ರಶ್ಮಿತಾ.

"ನೋಡೋದೇನು ಮಿಸ್, ಹೊತ್ತೀನಿ."

"ಇನ್ನೊಬ್ಬರನ್ನ ವಿಚಾರಿಸಿದ್ಯಾ?"

"ಓಬಯ್ಯಜ್ಜನ್ನ ಕೇಳಿದ್ವಿ. ಹೋದ ವರ್ಷ ಕಾಳು ಕೇಳಿದ್ದಕ್ಕೆ, ಮುಂದಿನ ವರ್ಷ ಸೇರಿಸಿ ಕೊಡ್ತೀನಿ ಅಂದ್ರಂತೆ. ಈ ವರ್ಷಾನೂ ಮುಂದಿನ ವರ್ಷ ಅಂದ್ರಂತೆ."

"ದೊಡ್ಡಪಾಲಯ್ಯನೋರನ್ನ ಕೇಳಿದ್ರಾ?"

"ಇಲ್ಲ ಮಿಸ್."

"ಹಂಗಾದ್ರೆ ಕೇಳ್ಬೇಕು. ನಾನೂ ಬರ್ತೀನಿ ನಡೀರಿ."

ದೊಡ್ಡಪಾಲಯ್ಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಪತ್ರಿಕೆ ಎಂಬ ಮಾತು ಕೇಳಿದ್ದೇ ತಡ, ಒಳಗಿನಿಂದ ಕುರ್ಚಿ ತರಿಸಿದ. ಟೀ ಬಂತು. ಹೆಗಲ ಮೇಲಿನ ಟವಲು ಬದಲಾಯಿತು.

"ಬರಕೊಳ್ರಿ. ಹೆಸರು ಪೂರ್ತಿ ಬರೀರಿ. ಫೋಟೋ ಹಾಕ್ತೀರೇನು?"

"ಚಿತ್ರ ಬರೀತೀವಿ," ಅಂದ ದುರುಗೇಶ್.

"ಮೀಸೆ ಚೆನ್ನಾಗಿ ಬರೀಲೇ."

ಕಾಂಚನಾ ಹಾಳೆ ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. "ಶಾಲೆ ಬಯಲಿನ ಹಿಕ್ಕೆ ಯಾರ ತೋಟಕ್ಕೆ ಹೋಗ್ತೈತೆ ಅಧ್ಯಕ್ಷರೇ?"

"ನಮ್ಮ ತೋಟಕ್ಕೆ. ಮತ್ತೆಲ್ಲಿಗೆ ಹೋಗ್ಬೇಕು, ಹೆಡ್ ಮಾಸ್ಟ್ರ ಮನೆಗಾ?" ಅವನೇ ನಕ್ಕ.

"ಓಬಯ್ಯಜ್ಜಂಗೆ ಏನು ಕೊಡ್ತೀರಿ?"

"ಮಲಗೋಕೆ ಜಾಗ ಕೊಟ್ಟಿಲ್ಲೇನು?"

"ಜಾಗ ಯಾರದು?"

"ಶಾಲೇದು."

"ಹಂಗಾದ್ರೆ ಹಿಕ್ಕೆ?"

ದೊಡ್ಡಪಾಲಯ್ಯ ಎಲೆ ಬಾಯಿಗಿಡಲು ಹೋದವನು ಹಾಗೇ ಹಿಡಿದುಕೊಂಡ. ಆಮೇಲೆ ರಶ್ಮಿತಾಳ ಕಡೆ ತಿರುಗಿದ. "ಮೇಡಂ, ಈ ಹುಡುಗಿ ಹುಚ್ಚಕ್ಕನ ಮಗಳಲ್ಲವಾ? ಬಾಯಿ ಭಾರಿ ಐತೆ. ಲಾಯರ್ ಓದ್ಸಿ."

ಆತನಿಗೆ ಸಿಟ್ಟು ಬಂದಿರಲಿಲ್ಲ. ಹಿಕ್ಕೆ ಯಾರದು ಅಂತ ತನ್ನನ್ನೂ ಕೇಳಬಹುದು ಎಂಬುದೇ ಆತನಿಗೆ ಗೊತ್ತಿರಲಿಲ್ಲ. ಬೀಳ್ಕೊಡುವಾಗ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಯಲು ಇನ್ನೊಮ್ಮೆ ಹೇಳಿದ. ಕಾಂಚನಾ ಆತ ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಬರೆದಳು. ಹೆಸರನ್ನು ದಪ್ಪ ಅಕ್ಷರದಲ್ಲೇ ಬರೆದಳು. ಮೀಸೆಯೂ ಚೆನ್ನಾಗಿ ಬಂತು.

ಸೋಮಶೇಖರಪ್ಪನವರು ಹಾಳೆಯನ್ನು ನಿಂತು ಓದಿದರು. ಆಮೇಲೆ ಕೂತು ಓದಿದರು.

"ಏನಮ್ಮ ಇದು? ಪ್ಲಾಸ್ಟಿಕ್ ಬಗ್ಗೆ ಬರೆಸು. ಪ್ಲಾಸ್ಟಿಕ್ಕಿಗೆ ಯಾವೂರಲ್ಲೂ ನೆಂಟರಿಲ್ಲ."

"ಮಕ್ಕಳು ಮೂರು ಕಡೆ ವಿಚಾರಿಸಿದ್ದಾರೆ ಸಾರ್. ಅಧ್ಯಕ್ಷರೇ ಒಪ್ಪಿಕೊಂಡು ಮಾತಾಡಿದ್ದಾರೆ."

"ಅವರು ಮಾತಾಡ್ತಾರೆ. ಆಮೇಲೆ ಯಾರಾದ್ರೂ ಓದಿ ಹೇಳಿದ್ರೆ ಅವರಿಗೆ ಅರ್ಥ ಆಗುತ್ತೆ. ಆವಾಗ ನಂಗೆ ಫೋನ್ ಬರುತ್ತೆ." ಅವರು ದನಿ ಇಳಿಸಿದರು. ಕೆಟ್ಟ ಮನುಷ್ಯರೇನಲ್ಲ. ನಿವೃತ್ತಿಗೆ ಒಂದೂವರೆ ವರ್ಷ ಇತ್ತು, ಅಷ್ಟೇ. "ನೋಡಮ್ಮ, ನಂದು ಕಾಯಂ. ಬೈಸ್ಕೊಂಡು ಇರ್ತೀನಿ. ನಿಂದು ಬಾಯಿಮಾತಿನ ಕೆಲಸ. ಶಾಲೆ ಗೋಡೆ ಮೇಲೆ ಇದು ಬರೋ ಹಂಗಿಲ್ಲ."

ರಶ್ಮಿತಾ ಇದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಅಂಟಿಸಿದರೆ ನನ್ನ ಕೆಲಸ ಹೋಗಬಹುದು ಅಂದಳು.

"ಹಂಗಾದ್ರೆ ಬ್ಯಾಡ ಬಿಡ್ರಿ ಮಿಸ್," ಅಂದ ದುರುಗೇಶ್. "ಆನೆ ಸುದ್ದೀನೇ ಹಾಕಾನ."

ಆಕೆಗೂ ಒಂದು ಕ್ಷಣ ಆನೆಯೇ ವಾಸಿ ಅನ್ನಿಸಿತು. ಪರಶುರಾಂಪುರದಲ್ಲಿ ತಮ್ಮನ ಐಟಿಐ ಫೀಜು ಕಟ್ಟುವುದಿತ್ತು. ಆದರೆ ಕಾಂಚನಾ ಹಾಳೆಯನ್ನು ಸುತ್ತಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೀಗೇ ಆಗುತ್ತದೆ ಅಂತ ಮೊದಲೇ ಗೊತ್ತಿದ್ದವಳ ಮುಖ. ಹದಿನೈದು ವರ್ಷದ ಹುಡುಗಿಗೆ ಅದು ಗೊತ್ತಿರುವುದು ರಶ್ಮಿತಾಗೆ ಸರಿ ಕಾಣಲಿಲ್ಲ.

"ಹಾಳೆ ತೆಗಿ," ಅಂದಳು. "ಶಾಲೆ ಗೋಡೆ ಬ್ಯಾಡ ಅಂದಿದ್ದಾರೆ. ಊರಲ್ಲಿ ಬೇರೆ ಗೋಡೆ ಇಲ್ಲವಾ?"

ಕಾಂಚನಾಳ ಮನೆ ಹಾಲಿನ ಡೇರಿಯ ಎದುರಿಗಿತ್ತು. ಬೆಳಿಗ್ಗೆ ಊರಿಗೆ ಊರೇ ಕ್ಯಾನು ಹಿಡಿದು ನಿಲ್ಲುವ ಜಾಗ. ಅವಳ ಅವ್ವ ಹುಚ್ಚಕ್ಕ ಕೂಲಿಗೆ ಹೋಗುವ ಹೆಂಗಸು. ಎರಡೆಕರೆ ಬೆದ್ದಲು ಹೊಲ ಇತ್ತು. ಗೊಬ್ಬರ ಕಂಡು ಯಾವ ಕಾಲವಾಗಿತ್ತೋ.

"ನಿಮ್ಮ ಗೋಡೆಗೆ ಅಂಟಿಸಬಹುದಾ ಹುಚ್ಚಕ್ಕ? ನಿಮಗೆ ತೊಂದರೆ ಆದ್ರೂ ಆಗಬಹುದು," ಅಂದಳು ರಶ್ಮಿತಾ.

"ನಂಗೆ ಇನ್ನೇನು ತೊಂದರೆ ಮಾಡ್ತಾರೆ ಮೇಡಮ್ಮೋರೇ? ಕೂಲಿಗೆ ಕರೆಯಲ್ಲ. ಈಗ್ಲೂ ವಾರದಾಗೆ ಮೂರು ದಿನ ಕರೆಯಲ್ಲ. ಅಂಟಿಸ್ರಿ. ಗಂಜಿ ನಾನೇ ಕಾಸ್ಕೊಡ್ತೀನಿ."

ಬೆಳಿಗ್ಗೆ ಡೇರಿಗೆ ಬಂದವರು ಮೊದಲು ಮೀಸೆ ನೋಡಿ ನಕ್ಕರು. ಓದು ಬರದವರು ಓದಿ ಹೇಳು ಅಂದರು. ಕಾಂಚನಾ ಕಟ್ಟೆ ಹತ್ತಿ ಓದಿದಳು. 'ಹಂಗಾದ್ರೆ ಹಿಕ್ಕೆ?' ಎಂಬಲ್ಲಿಗೆ ಬಂದಾಗ ಕ್ಯಾನುಗಳ ಸದ್ದು ನಿಂತಿತು.

"ನನ್ನ ಮೊಮ್ಮಗಳೂ ಹಿಕ್ಕೆ ಪುಟ್ಟಿ ಹೊರ್ತಾಳೇನೇ?" ಅಂದಳು ಒಬ್ಬ ಮುದುಕಿ.

"ಹೊರ್ತಾಳೆ."

"ಮನ್ಯಾಗೆ ಕಸ ಗುಡ್ಸು ಅಂದ್ರೆ ಓದೋದೈತೆ ಅಂತಾಳಲ್ಲ ಮತ್ತೆ, ಮುಂಡೇದು!"

ಜನ ನಕ್ಕರು. ನಗು ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಓಬಯ್ಯ ಹಿಂದೆ ಕೋಲೂರಿಕೊಂಡು ನಿಂತಿದ್ದ. ಎರಡು ವರ್ಷ ತಾನು ಮೋಸ ಹೋದದ್ದು ಅವನಿಗೆ ಗೊತ್ತಿತ್ತು. ಅದನ್ನು ಊರ ಮುಂದೆ ಗಟ್ಟಿಯಾಗಿ ಓದಿದ್ದನ್ನು ಕೇಳಿದ್ದು ಇದೇ ಮೊದಲು.

"ಇನ್ನೊಂದು ಸಲ ಓದು ತಾಯೀ," ಅಂದ.

ಕಾಂಚನಾ ಓದಿದಳು. ಓಬಯ್ಯ ಹುಚ್ಚಕ್ಕನ ಕಡೆ ನೋಡಿದ. "ನಿನ್ನ ಹೊಲ ಖಾಲಿ ಐತೇನಮ್ಮಾ?"

"ಐತೆ. ನನ್ನತಾವ ಸೇರುಗಟ್ಲೆ ಕಾಳಿಲ್ಲ ಮತ್ತೆ."

"ಬಿಸಿ ಮುದ್ದೆ ಕೊಡು ಸಾಕು. ತಣ್ಣನೆ ಅನ್ನ ತಿಂದು ತಿಂದು ನನ್ನ ಹೊಟ್ಟೆ ಶಾಲೆ ಹುಡುಗನ ಹೊಟ್ಟೆ ಆಗೈತೆ."

ಅವತ್ತು ಸಂಜೆ ಮಂದೆ ಶಾಲೆಯ ಗೇಟಿಗೆ ಬಂದು, ಒಳಗೆ ತಿರುಗದೆ, ಮುಂದಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಮಕ್ಕಳು ಪೊರಕೆ ಮುಟ್ಟಲಿಲ್ಲ. ಗುಡಿಸಲು ಏನೂ ಇರಲಿಲ್ಲ. ಗೇಟಿನ ಹತ್ತಿರ ಮೊದಲೇ ಹಾಕಿದ್ದ ಗುಡ್ಡೆಯನ್ನು ತುಂಬಿಕೊಳ್ಳಲು ಟ್ರ್ಯಾಕ್ಟರ್ ಬಂದಾಗ ಡೇರಿಯ ಜನವೆಲ್ಲ ಅಲ್ಲಿ ನಿಂತಿದ್ದರು. ಯಾರೂ ಕೂಗಲಿಲ್ಲ.

"ಏನ್ರಪ್ಪ, ಇಲ್ಲೇನು ಜಾತ್ರೆ?" ಅಂದ ಡ್ರೈವರ್.

"ಶಾಲೆ ಗೊಬ್ಬರ ಶಾಲೆ ಗಿಡಕ್ಕೆ," ಅಂದಳು ಹುಚ್ಚಕ್ಕ. "ನೀನು ಟೀ ಕುಡಿದು ಹೋಗು."

ಅವನು ಟೀ ಕುಡಿದು ಖಾಲಿ ಟ್ರೇಲರ್ ತಿರುಗಿಸಿಕೊಂಡು ಹೋದ.

ಸೋಮಶೇಖರಪ್ಪನವರಿಗೆ ಫೋನ್ ಬಂತು. ಮಧ್ಯಾಹ್ನ ರಶ್ಮಿತಾಳನ್ನು ಕರೆದು, ನಾಳೆಯಿಂದ ಬರಬೇಡ ಅಂದರು.

"ಬರಹದಲ್ಲಿ ಕೊಡಿ ಸಾರ್."

"ತಗೊಳ್ಳೋವಾಗ್ಲೂ ಬಾಯಲ್ಲೇ ಹೇಳಿದ್ದಲ್ಲೇನಮ್ಮ." ಅವರು ಆಕೆಯ ಮುಖ ನೋಡದೆ ಟೇಬಲ್ಲಿನ ಗಾಜು ಒರೆಸುತ್ತಿದ್ದರು. "ಬಿಸಿಯೂಟ ಆಗೈತೆ. ಊಟ ಮಾಡ್ಕೊಂಡು ಹೋಗು."

ಆಕೆ ಊಟ ಮಾಡಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಮಕ್ಕಳು ಓಡಿ ಬಂದರು. ಎರಡನೆಯ ಸಂಚಿಕೆ ತಂದಿದ್ದರು. ಮಸಿ ಇನ್ನೂ ಒಣಗಿರಲಿಲ್ಲ. 'ಕನ್ನಡ ಟೀಚರನ್ನು ತೆಗೆದರು' ಅಂತ ತಲೆಬರಹ.

"ಹೆಡ್ ಮಾಸ್ಟ್ರನ್ನ ಕೇಳಿದ್ರಾ?" ಅಂದಳು ರಶ್ಮಿತಾ.

"ಕೇಳಿದ್ವಿ ಮಿಸ್. ಕಿವಿ ಹಿಂಡಿದ್ರು," ಅಂದ ದುರುಗೇಶ್. "ಅದನ್ನೂ ಬರ್ದೀವಿ. ಯಾವ ಕಿವಿ ಅಂತಾನೂ ಬರ್ದೀವಿ."

"ಅಧ್ಯಕ್ಷರನ್ನ?"

"ಈಗ ಹೋಗ್ತಾ ಇದೀವಿ," ಅಂದಳು ಕಾಂಚನಾ. "ಈ ಸಲ ಟೀ ಕೊಡಲ್ಲ ಅನ್ಸುತ್ತೆ."

ಅವರು ಹೊರಟರು. ಸುದ್ದಿ ತಿಳಿದ ಹತ್ತಾರು ಹೆಂಗಸರು ಡೇರಿಯ ಹತ್ತಿರ ಅವರ ಜೊತೆಗೂಡಿದ್ದು ಬಸ್ಸು ಹತ್ತಿದ ರಶ್ಮಿತಾಗೆ ಕಿಟಕಿಯಿಂದ ಕಂಡಿತು.

ಆ ವರ್ಷ ಗುಂಡುಕಲ್ಲಹಟ್ಟಿಯಲ್ಲಿ ಯಾರ್ಯಾರು ಏನೇನು ಕಳೆದುಕೊಂಡರು ಅಂದರೆ ಇಷ್ಟು. ದೊಡ್ಡಪಾಲಯ್ಯ, ಎರಡು ಟ್ರೇಲರ್ ಹಿಕ್ಕೆ. ರಶ್ಮಿತಾ, ಒಂದು ಕೆಲಸ. ಹತ್ತನೇ ಕ್ಲಾಸಿನ ಮೂವತ್ತೊಂದು ಮಕ್ಕಳು, ಪರೀಕ್ಷೆಯವರೆಗಿನ ಅಷ್ಟೂ ಕನ್ನಡ ಪಾಠ.